ನಾರುಹುಣ್ಣಿನ ನಿರ್ಮೂಲನ : ಅರಿವು ನಡೆಯಾದ ಬಗೆ

ಮನುಷ್ಯನ ಕ್ಷೇಮಕ್ಕೆ ಅರಿವು ಮುಖ್ಯವೋ ನಡೆ ಮುಖ್ಯವೋ ಎಂಬ ಪ್ರಶ್ನೆ ಬಹು ಹಳೆಯದು. ಅರಿವಿಲ್ಲದ ನಡೆ ದಾರಿ ತಪ್ಪುತ್ತದೆ. ನಡೆಗೆ ಇಳಿಯದ ಅರಿವು ಹೊರೆಯಾಗಿ ಉಳಿಯುತ್ತದೆ. ಈ ವಿಚಾರವನ್ನು ಸಾಮಾನ್ಯವಾಗಿ ಧರ್ಮ, ನೀತಿಗಳ ಪ್ರಸಂಗದಲ್ಲಿ ಎತ್ತುವುದು ರೂಢಿ. ಆದರೆ ಅದು ಊರ ಬಾವಿಗೂ ಮನೆಯ ಕೊಡಕ್ಕೂ ಉಳುವವನ ಪಾದಕ್ಕೂ ಅಷ್ಟೇ ಮಟ್ಟಿಗೆ ಸಲ್ಲುತ್ತದೆಂಬುದನ್ನು ತೋರಿಸಿಕೊಡುವ ಒಂದು ನಿದರ್ಶನ ವೈದ್ಯಚರಿತ್ರೆಯಲ್ಲಿದೆ. ಅದು ನಾರುಹುಣ್ಣಿನ ಚರಿತ್ರೆ. ಮೂರು ಸಾವಿರದ ಐನೂರು ವರ್ಷಗಳಿಗೂ ಮಿಕ್ಕಿ ಮಾನವಕುಲವನ್ನು ಕಾಡಿದ ಈ ರೋಗಕ್ಕೆ ಇಂದಿಗೂ ಲಸಿಕೆಯಿಲ್ಲ. ಗುಣಪಡಿಸುವ ಮದ್ದೂ ಇಲ್ಲ. ಹಾಗಿದ್ದರೂ ಅದು ಭಾರತದಿಂದ ೧೯೯೬ರಲ್ಲಿ ಕಣ್ಮರೆಯಾಯಿತು. ಜಗತ್ತಿನ ಉಳಿದ ಭಾಗಗಳಿಂದಲೂ ಬಹುಮಟ್ಟಿಗೆ ತೊಲಗಿದೆ. ಜನರು ನೀರು ಕುಡಿಯುವ ಮತ್ತು ನೀರಿಗೆ ಇಳಿಯುವ ಬಗೆಯನ್ನು ಬದಲಿಸಿಕೊಂಡುದೇ ಇದಕ್ಕೆ ಮುಖ್ಯ ಕಾರಣ.

ಉತ್ತರ ಕರ್ನಾಟಕದ ಹಿರಿಯರಿಗೆ ಈ ರೋಗದ ಪರಿಚಯ ಹೊಸದಲ್ಲ. ಮೊದಲು ಕಾಲಿನಲ್ಲಿ, ಬಹುಮಟ್ಟಿಗೆ ಮೊಳಕಾಲಿನ ಕೆಳಗೆ, ಒಂದು ಗುಳ್ಳೆ ಏಳುತ್ತದೆ. ಬೆಂಕಿಯ ಮೇಲೆ ಕಾಲಿಟ್ಟಂತಹ ಉರಿ ಕಾಣಿಸಿಕೊಳ್ಳುತ್ತದೆ. ಗುಳ್ಳೆ ಒಡೆದು ಹುಣ್ಣಾದ ಮೇಲೆ ಅದರ ನಡುವಿನಿಂದ ಬಿಳಿಯ ನಾರಿನ ಎಳೆಯಂತಹ ಹುಳು ಹೊರಕ್ಕೆ ತಲೆ ಹಾಕುತ್ತದೆ. ಅದರ ಉದ್ದ ಕೆಲವೊಮ್ಮೆ ಎರಡು ಮೂರು ಅಡಿ. ಒಮ್ಮೆಗೇ ಎಳೆದರೆ ಒಳಗೆ ತುಂಡಾಗಿ, ಕಾಲು ಬಾತು, ಕೀವುಗಟ್ಟಿ, ಕೀಲುಗಳು ಬಿಗಿದುಕೊಂಡು ಮನುಷ್ಯ ಹೆಳವನಾಗುವ ಭಯವುಂಟು. ಆದುದರಿಂದ ಹುಳುವಿನ ತುದಿಯನ್ನು ಸಣ್ಣ ಕಡ್ಡಿಯೊಂದಕ್ಕೆ ಸುತ್ತಿ, ದಿನಕ್ಕೆ ಅಂಗುಲದಷ್ಟು ಮಾತ್ರ ಮೆಲ್ಲನೆ ಸುತ್ತುತ್ತ ವಾರಗಟ್ಟಲೆ ಹೊರತೆಗೆಯುವುದೇ ಹಿಂದಿನಿಂದ ಬಂದ ಚಿಕಿತ್ಸೆ. ಇಂದಿನ ವೈದ್ಯರಿಗೂ ಇದಕ್ಕಿಂತ ಉತ್ತಮವಾದ ಉಪಾಯ ದೊರೆತಿಲ್ಲ. ಕನ್ನಡದ ನಾರುಹುಣ್ಣು, ಹಿಂದಿ ಮರಾಠಿಗಳ ನಾರೂ, ಸಂಸ್ಕೃತ ವೈದ್ಯಗ್ರಂಥಗಳ ಸ್ನಾಯುಕ, ಈ ಹೆಸರುಗಳೆಲ್ಲ ಹುಳುವಿನ ಎಳೆಯಂತಹ ಆಕಾರವನ್ನೇ ಸೂಚಿಸುತ್ತವೆ.

ರೋಗದ ಪ್ರಾಚೀನತೆಗೆ ಆಧಾರಗಳು ಹೇರಳವಾಗಿವೆ. ಕ್ರಿ.ಪೂ. ೧೫೫೦ರ ಸುಮಾರಿನದೆಂದು ಗೊತ್ತುಮಾಡಿರುವ ಈಜಿಪ್ಟಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ಹುಳುವನ್ನು ಕಡ್ಡಿಗೆ ಸುತ್ತಿ ತೆಗೆಯುವ ಕ್ರಮದ ಉಲ್ಲೇಖವಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ೧೯೭೫ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಿಚ್ಚಿ ಪರೀಕ್ಷಿಸಿದ ಈಜಿಪ್ಟಿನ ಬಾಲಕಿಯೊಬ್ಬಳ ಮಮ್ಮಿಯಲ್ಲಿ ಸುಣ್ಣಗಟ್ಟಿದ ನಾರುಹುಳು ಕಂಡುಬಂದಿತು. ಕ್ರಿ.ಪೂ. ಎರಡನೆಯ ಶತಮಾನದ ಗ್ರೀಕ್ ಲೇಖಕ ಅಗಥಾರ್ಕಿಡೀಸ್ ಕೆಂಪು ಸಮುದ್ರದ ತೀರದ ಜನರ ಕೈಕಾಲುಗಳಿಂದ ಹೊರಬರುವ ಪುಟ್ಟ ಹಾವುಗಳ ಸಂಗತಿಯನ್ನು ಹೇಳಿದುದಾಗಿ ಪ್ಲೂಟಾರ್ಕ್ ದಾಖಲಿಸಿದ್ದಾನೆ. ಅರಬ್ ವೈದ್ಯರ ಬರಹಗಳಲ್ಲಿ ರೋಗಕ್ಕೆ ಮದೀನಾ ನಗರದ ಹೆಸರು ಅಂಟಿಕೊಂಡಿತು. ಇಂದಿನ ಶಾಸ್ತ್ರೀಯ ನಾಮವಾದ ಡ್ರಾಕುಂಕುಲಸ್ ಮೆಡಿನೆನ್ಸಿಸ್ ಎಂಬುದರಲ್ಲಿಯೂ ಅದು ಉಳಿದಿದೆ. ೧೫೫೮ರಲ್ಲಿ ಮಧ್ಯ ಏಷ್ಯದ ಬುಖಾರಾ ನಗರವನ್ನು ತಲುಪಿದ ಆಂಥೊನಿ ಜೆಂಕಿನ್ಸನ್ ಎಂಬ ಆಂಗ್ಲ ವರ್ತಕ ಅಲ್ಲಿಯ ನೀರು ಕುಡಿದವರ ಕಾಲಿನಲ್ಲಿ ಉದ್ದವಾದ ಹುಳು ಬೆಳೆಯುತ್ತದೆಂದು ಬರೆದಿಟ್ಟಿದ್ದಾನೆ.

ಜೆಂಕಿನ್ಸನ್ನನ ಬರಹದಲ್ಲಿ ಗಮನಿಸತಕ್ಕ ಅಂಶ ಒಂದುಂಟು. ರೋಗಕ್ಕೂ ನೀರಿಗೂ ನಂಟಿದೆಯೆಂಬ ಊಹೆ ಹದಿನಾರನೆಯ ಶತಮಾನದಲ್ಲಿಯೇ ಇದ್ದಿತು. ಹಾಗಿದ್ದರೂ ಜನ ಅದೇ ನೀರನ್ನು ಕುಡಿಯುತ್ತಿದ್ದರು. ಬೇರೆ ನೀರು ಅವರಿಗೆ ಇರಲಿಲ್ಲ. ಇದಲ್ಲದೆ ಇನ್ನೊಂದು ತೊಡಕೂ ಇದ್ದಿತು. ನೀರು ಕುಡಿದ ದಿನಕ್ಕೂ ಹುಳು ಹೊರಬರುವ ದಿನಕ್ಕೂ ನಡುವೆ ಹೆಚ್ಚುಕಡಮೆ ಒಂದು ವರ್ಷದ ಅಂತರವಿದೆ. ಕಳೆದ ವರ್ಷ ಯಾವ ದಿನ ಯಾವ ಬಾವಿಯ ನೀರು ಕುಡಿದೆನೆಂಬುದನ್ನು ನೆನಪಿಟ್ಟು ಈ ವರ್ಷದ ಹುಣ್ಣಿಗೆ ತಳುಕು ಹಾಕುವುದು ಯಾರಿಗೆ ಸಾಧ್ಯ? ಕಾರಣವೂ ಕಾರ್ಯವೂ ಇಷ್ಟು ದೂರ ನಿಂತಾಗ ನಡುವಣ ತೆರಪನ್ನು ಬೇರೆ ವಿವರಣೆಗಳು ತುಂಬಿಕೊಳ್ಳುತ್ತವೆ. ರಕ್ತದೋಷವೆಂದು ಕೆಲವರು, ದೈವದ ಮುನಿಸೆಂದು ಕೆಲವರು, ವೈರಿಗಳ ಮಾಟವೆಂದು ಮತ್ತೆ ಕೆಲವರು ನಂಬಿದರು. ಅಂತಹ ನಂಬಿಕೆಗಳನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಕಣ್ಣಿಗೆ ಕಾಣದ ಕಾರಣವನ್ನು ಕಾಣಲು ಅವರಿಗೆ ಸಾಧನವಿರಲಿಲ್ಲವೆಂಬುದನ್ನೂ ಮರೆಯಲಾಗದು.

ಆ ಕಾರಣವನ್ನು ಕಂಡವನು ಅಲೆಕ್ಸೇಯ್ ಫೆದ್‌ಚೆಂಕೊ ಎಂಬ ರಷ್ಯದ ಯುವ ಪ್ರಕೃತಿ ವಿಜ್ಞಾನಿ. ೧೮೭೦ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ನಾರುಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಕೀಟದ ದೇಹವನ್ನು ಸೇರಿ ಅಲ್ಲಿ ಬೆಳೆಯುತ್ತವೆಂಬುದನ್ನು ಅವನು ಸೂಕ್ಷ್ಮದರ್ಶಕದಲ್ಲಿ ಕಂಡನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಾಬರ್ಟ್ ಲೀಪರ್ ಎಂಬ ಬ್ರಿಟಿಷ್ ವಿಜ್ಞಾನಿ ಅಂತಹ ಕೀಟಗಳನ್ನು ಕೋತಿಯೊಂದಕ್ಕೆ ತಿನ್ನಿಸಿ, ಅದರ ದೇಹದಲ್ಲಿ ಹುಳು ಬೆಳೆಯುವುದನ್ನು ಸಿದ್ಧಪಡಿಸಿ ತೋರಿಸಿದನು. ಹೀಗೆ ರೋಗಚಕ್ರದ ಸ್ವರೂಪ ಸ್ಪಷ್ಟವಾಯಿತು. ಹುಳುವಿನ ಉರಿಯನ್ನು ತಾಳಲಾರದೆ ರೋಗಿ ಬಾವಿಯ ಅಥವಾ ಕೆರೆಯ ತಣ್ಣೀರಿನಲ್ಲಿ ಕಾಲಿಡುತ್ತಾನೆ. ನೀರು ತಾಗಿದೊಡನೆಯೇ ಹೆಣ್ಣು ಹುಳು ಲಕ್ಷಾಂತರ ಮರಿಗಳನ್ನು ಹೊರಸೂಸುತ್ತದೆ. ಮರಿಗಳನ್ನು ಸೈಕ್ಲಾಪ್ಸ್ ಕೀಟ ನುಂಗುತ್ತದೆ. ಎರಡು ವಾರಗಳಲ್ಲಿ ಅವು ಮನುಷ್ಯನನ್ನು ಸೋಂಕಲು ಸಿದ್ಧವಾಗುತ್ತವೆ. ಆ ನೀರನ್ನು ಕುಡಿದವನ ಜಠರದಲ್ಲಿ ಕೀಟ ಸಾಯುತ್ತದೆ; ಮರಿಹುಳು ಬದುಕಿಕೊಂಡು ಕರುಳನ್ನು ಭೇದಿಸಿ ದೇಹದೊಳಗೆ ಸೇರುತ್ತದೆ. ಗಂಡು ಹುಳು ಕೂಡುವಿಕೆಯ ನಂತರ ಒಳಗೇ ನಾಶವಾಗುತ್ತದೆ. ಹೆಣ್ಣು ಹುಳು ವರ್ಷದ ಕೊನೆಗೆ ಕಾಲಿನ ದಾರಿ ಹಿಡಿದು ಹೊರಬರುತ್ತದೆ. ಉರಿ ತಾಳದೆ ಕಾಲು ಮತ್ತೆ ನೀರಿಗಿಳಿಯುತ್ತದೆ.

ಈ ಚಕ್ರವನ್ನು ಎರಡು ಕಡೆ ಕಡಿಯಬಹುದು. ಕುಡಿಯುವ ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿದರೆ ಕೀಟ ಮೇಲೆಯೇ ನಿಲ್ಲುತ್ತದೆ, ಕುಡಿದವನು ಪಾರಾಗುತ್ತಾನೆ. ಹುಣ್ಣಿರುವವನು ಕುಡಿಯುವ ನೀರಿಗೆ ಕಾಲಿಡದಿದ್ದರೆ ಮರಿಗಳು ನೀರನ್ನು ಸೇರುವುದಿಲ್ಲ; ಊರು ಪಾರಾಗುತ್ತದೆ. ಮೊದಲನೆಯದು ತನ್ನ ಕ್ಷೇಮಕ್ಕಾಗಿ ಮಾಡುವ ನಡೆ, ಎರಡನೆಯದು ಪರರ ಕ್ಷೇಮಕ್ಕಾಗಿ ಮಾಡುವ ನಡೆ. ಎರಡನೆಯದರಿಂದ ಅದನ್ನು ಪಾಲಿಸುವವನಿಗೆ ಆ ಹೊತ್ತಿಗೆ ಯಾವ ಲಾಭವೂ ಇಲ್ಲ. ಉರಿಯುತ್ತಿರುವ ಕಾಲಿಗೆ ದೊರೆಯಬಹುದಾದ ಕ್ಷಣದ ತಂಪನ್ನು ಅವನು ಬಿಟ್ಟುಕೊಡಬೇಕು. ಅದರ ಫಲ ಒಂದು ವರ್ಷದ ಮೇಲೆ, ಅದೂ ನೆರೆಮನೆಯ ಕೂಸಿನ ಕಾಲಿನಲ್ಲಿ ಹುಣ್ಣು ಏಳದಿರುವುದರಲ್ಲಿ ಮಾತ್ರ ಕಾಣುವಂತಹುದು. ನಾರುಹುಣ್ಣಿನ ನಿರ್ಮೂಲನ ಸುಲಭವೆಂದು ತೋರಿದರೂ ದೀರ್ಘಕಾಲ ಹಿಡಿಯಲು ಇದೂ ಒಂದು ಕಾರಣ.

ಈ ಅರಿವು ನಡೆಯಾಗಿ ಮಾರ್ಪಟ್ಟ ಮೊದಲ ದೊಡ್ಡ ನಿದರ್ಶನ ಅದೇ ಬುಖಾರಾದಲ್ಲಿ ದೊರೆಯುತ್ತದೆ. ಆ ನಗರದ ಜನ ಹೌಜ್ ಎಂದು ಕರೆಯಲಾಗುವ, ಕಲ್ಲಿನ ಮೆಟ್ಟಿಲುಗಳುಳ್ಳ ಕೊಳಗಳ ನೀರನ್ನು ಕುಡಿಯುತ್ತಿದ್ದರು. ನೀರು ಹೊರುವವರು ಬರಿಗಾಲಿನಲ್ಲಿ ಆ ಮೆಟ್ಟಿಲುಗಳನ್ನಿಳಿದು ಚರ್ಮದ ಚೀಲಗಳಲ್ಲಿ ನೀರು ತುಂಬಿ ಮನೆಮನೆಗೆ ಒಯ್ಯುತ್ತಿದ್ದರು. ಸೋವಿಯತ್ ಆಡಳಿತದ ಮೊದಲ ವರ್ಷಗಳಲ್ಲಿ ಲಿಯೊನಿದ್ ಇಸಾಯೆವ್ ಎಂಬ ವೈದ್ಯವಿಜ್ಞಾನಿ ಅಲ್ಲಿ ಕಾರ್ಯಕ್ಕಿಳಿದು ರೋಗಿಗಳನ್ನು ಹುಡುಕಿಸಿ ಚಿಕಿತ್ಸೆಗೊಳಪಡಿಸಿದನು. ಸೋಂಕಿದ ಕೊಳಗಳನ್ನು ಬರಿದುಮಾಡಿಸಿದನು. ೧೯೩೦ರ ದಶಕದ ಆರಂಭದ ವೇಳೆಗೆ ಬುಖಾರಾ ರೋಗಮುಕ್ತವಾಯಿತು. ಹುಳುವಿನ ಮೂಲವನ್ನು ಹುಡುಕಿದ ನಾಡಿನಲ್ಲಿಯೇ ಅದರ ಅಂತ್ಯವೂ ಮೊದಲಾಯಿತೆನ್ನಬಹುದು. ಆದರೂ ಫೆದ್‌ಚೆಂಕೊನ ಶೋಧನೆಗೂ ಈ ಫಲಕ್ಕೂ ನಡುವೆ ಅರವತ್ತು ವರ್ಷಗಳು ಕಳೆದುಹೋಗಿದ್ದವು.

ಕನ್ನಡ ನಾಡಿನಲ್ಲಿಯೂ ಆ ಕಾಲದಲ್ಲಿ ಪ್ರಯತ್ನಗಳು ನಡೆಯದಿರಲಿಲ್ಲ. ೧೯೩೦ರ ದಶಕದಲ್ಲಿ ಹಿಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿಯವರು ನಾರುಹುಣ್ಣನ್ನು ಕುರಿತು ವಿಸ್ತಾರವಾದ ಅಧ್ಯಯನ ಕೈಗೊಂಡರು. ಡಬ್ಲ್ಯೂ. ಸಿ. ಸ್ವೀಟ್ ಅವರೊಡಗೂಡಿ, ಸೈಕ್ಲಾಪ್ಸ್ ಕೀಟವನ್ನು ತಿನ್ನುವ ಸಣ್ಣ ಮೀನುಗಳನ್ನು ಮೆಟ್ಟಿಲು ಬಾವಿಗಳಲ್ಲಿ ಬಿಡುವ ಕ್ರಮವನ್ನೂ ಪರೀಕ್ಷಿಸಿ ನೋಡಿದರು. ನಾಯಿಗಳಿಗೂ ಈ ಸೋಂಕು ತಗಲಬಲ್ಲುದೆಂದು ಪ್ರಯೋಗದಿಂದ ತೋರಿಸಿದವರಲ್ಲಿ ಇವರೂ ಸೇರುತ್ತಾರೆ. ಎಂಬತ್ತು ವರ್ಷಗಳ ಅನಂತರ ಆಫ್ರಿಕಾದಲ್ಲಿ ಈ ಸಂಗತಿಗೆ ಅನಿರೀಕ್ಷಿತವಾದ ಮಹತ್ತ್ವ ಬಂದುದನ್ನು ಮುಂದೆ ಕಾಣಬಹುದು.

ಇಲ್ಲಿ ಮೆಟ್ಟಿಲು ಬಾವಿಯ ವಿಚಾರವಾಗಿ ಎರಡು ಮಾತು ಅವಶ್ಯ. ಮಳೆ ವಿರಳವಾದ ಗುಜರಾತ, ರಾಜಸ್ಥಾನ, ಉತ್ತರ ಕರ್ನಾಟಕಗಳಂತಹ ಪ್ರದೇಶಗಳಲ್ಲಿ ಇಳಿದು ನೀರು ತುಂಬುವ ಬಾವಿಯನ್ನು ತೋಡಿಸುವುದು ಮಹಾಪುಣ್ಯದ ಕಾರ್ಯವಾಗಿದ್ದಿತು. ಅರಸರೂ ಅರಸಿಯರೂ ವರ್ತಕರೂ ಅಂತಹ ಬಾವಿಗಳನ್ನು ಕಟ್ಟಿಸಿ ಧರ್ಮಕ್ಕೆ ಬಿಟ್ಟರು. ಬೇಸಗೆಯಲ್ಲಿ ನೀರು ಎಷ್ಟು ಕೆಳಕ್ಕೆ ಹೋದರೂ ಮೆಟ್ಟಿಲಿಳಿದು ತುಂಬಿಕೊಳ್ಳಬಹುದೆಂಬುದು ಅವುಗಳ ಗುಣ. ಮನುಷ್ಯನ ಪಾದ ನೀರನ್ನು ಮುಟ್ಟುತ್ತದೆಂಬುದೇ ಅವುಗಳ ದೋಷ. ನೀರು ತಗ್ಗಿದಂತೆಲ್ಲ ಕೀಟಗಳ ದಟ್ಟಣೆ ಹೆಚ್ಚುತ್ತಿದ್ದಿತು. ಬೇಸಗೆಯ ಕೊನೆಗೆ, ಹೊಲ ಹಸನು ಮಾಡಿ ಬಿತ್ತನೆಗೆ ಅಣಿಯಾಗುವ ದಿನಗಳಲ್ಲಿಯೇ, ಒಕ್ಕಲಿಗ ಕಾಲು ಬಾತು ಮಲಗುತ್ತಿದ್ದನು. ಕಟ್ಟಿಸಿದವರ ಸದ್ಭಾವದಲ್ಲಿ ಕೊರತೆಯಿರಲಿಲ್ಲ. ಸದ್ಭಾವವೊಂದರಿಂದಲೇ ಕ್ಷೇಮ ಕೈಗೂಡದೆಂಬುದಕ್ಕೆ ಈ ಬಾವಿಗಳು ಸಾಕ್ಷಿಯಾಗಿವೆ.

ಸ್ವತಂತ್ರ ಭಾರತದಲ್ಲಿ ಈ ರೋಗಕ್ಕೆ ಬಹುಕಾಲ ವಿಶೇಷ ಗಮನ ದೊರೆಯಲಿಲ್ಲ. ಅದು ಕೊಲ್ಲುವ ರೋಗವಲ್ಲ. ನಗರಗಳಲ್ಲಿ ಕಾಣಿಸುವ ರೋಗವೂ ಅಲ್ಲ. ಹಳ್ಳಿಗಾಡಿನ ಬಡವನನ್ನು ಎರಡು ಮೂರು ತಿಂಗಳು ಹಾಸಿಗೆ ಹಿಡಿಸಿ, ಮರುವರ್ಷ ಮತ್ತೆ ಬರುವ ರೋಗ. ಒಮ್ಮೆ ಬಂದವನಿಗೆ ಮತ್ತೆ ಬಾರದೆಂಬ ರಕ್ಷಣೆಯೂ ಇದರಲ್ಲಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಡೋಗನ್ ಜನ ಇದನ್ನು ಬರಿದಾದ ಕಣಜದ ರೋಗವೆಂದು ಕರೆಯುತ್ತಿದ್ದರು. ದುಡಿಯುವ ಕಾಲು ಕುಂಟಿದಾಗ ಬಿತ್ತನೆ ತಪ್ಪುತ್ತದೆ. ಬಿತ್ತನೆ ತಪ್ಪಿದಾಗ ಕಣಜ ಬರಿದಾಗುತ್ತದೆ. ಹಿರಿಯರ ಬದಲು ಮಕ್ಕಳು ಹೊಲಕ್ಕೆ ಹೋಗಿ ಶಾಲೆ ಬಿಡುತ್ತಾರೆ. ನೈಜೀರಿಯಾದ ಆಗ್ನೇಯ ಭಾಗದ ಭತ್ತದ ಬೆಳೆಗಾರರು ಈ ರೋಗದಿಂದ ವರ್ಷಕ್ಕೆ ೨ ಕೋಟಿ ಡಾಲರುಗಳಷ್ಟು ನಷ್ಟ ಹೊಂದುತ್ತಿದ್ದರೆಂದು ೧೯೮೭ರಲ್ಲಿ ಯುನಿಸೆಫ್ ನಡೆಸಿದ ಅಧ್ಯಯನ ಅಂದಾಜು ಮಾಡಿತು. ಒಬ್ಬೊಬ್ಬರ ಕಾಲಿನ ನೋವೆಂದು ತೋರುತ್ತಿದ್ದುದು ಇಡೀ ಪ್ರದೇಶದ ಬಡತನದ ಮೂಲಗಳಲ್ಲೊಂದಾಗಿದ್ದಿತು.

ಸಿಡುಬಿನ ನಿರ್ಮೂಲನವನ್ನು ೧೯೮೦ರಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ಆ ಯಶಸ್ಸಿನಿಂದ ಪ್ರೇರಿತರಾದ ಕೆಲವರು, ಅವರಲ್ಲಿ ಮುಖ್ಯವಾಗಿ ಅಮೆರಿಕದ ವೈದ್ಯ ಡೊನಾಲ್ಡ್ ಹಾಪ್ಕಿನ್ಸ್, ಮುಂದಿನ ಸರದಿ ನಾರುಹುಣ್ಣಿನದಾಗಬೇಕೆಂದು ವಾದಿಸಿದರು. ೧೯೮೧ರಿಂದ ೧೯೯೦ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿದ್ದಿತು. ಎಲ್ಲ ಹಳ್ಳಿಗಳಿಗೂ ಶುದ್ಧ ನೀರು ದೊರೆತುದಕ್ಕೆ ನಾರುಹುಣ್ಣಿನ ಅಳಿವೇ ಅಳತೆಗೋಲಾಗಲೆಂಬ ಸೂಚನೆ ಅಂಗೀಕೃತವಾಯಿತು. ೧೯೮೬ರಲ್ಲಿ ವಿಶ್ವ ಆರೋಗ್ಯ ಸಭೆ ಈ ಬಗ್ಗೆ ನಿರ್ಣಯ ಕೈಗೊಂಡಿತು. ಅದೇ ವರ್ಷ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ ಈ ಕಾರ್ಯದ ನೇತೃತ್ವ ವಹಿಸಿಕೊಂಡಿತು. ಆಗ ಏಷ್ಯ ಆಫ್ರಿಕಾಗಳ ಇಪ್ಪತ್ತರಷ್ಟು ದೇಶಗಳಲ್ಲಿ ವರ್ಷಕ್ಕೆ ೩೫ ಲಕ್ಷ ಜನ ಈ ರೋಗಕ್ಕೆ ಗುರಿಯಾಗುತ್ತಿದ್ದರೆಂದು ಅಂದಾಜು.

ಭಾರತ ಅದಕ್ಕೆ ಮುಂಚೆಯೇ ಹೆಜ್ಜೆಯಿಟ್ಟಿದ್ದಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಸಂಸ್ಥೆಯ ಮಾರ್ಗದರ್ಶನದಲ್ಲಿ ೧೯೮೩-೮೪ರಲ್ಲಿ ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ ಪ್ರಾರಂಭವಾಯಿತು. ಆಗಿನ ಎಣಿಕೆಯಂತೆ ಏಳು ರಾಜ್ಯಗಳ ೮೯ ಜಿಲ್ಲೆಗಳಲ್ಲಿ ಹರಡಿದ್ದ ೧೨,೮೪೦ ಹಳ್ಳಿಗಳಲ್ಲಿ ಸುಮಾರು ೪೦,೦೦೦ ರೋಗಿಗಳಿದ್ದರು. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದು ಬಿಜಾಪುರ, ಗುಲಬರ್ಗಾ ಎನ್ನಿಸಿಕೊಳ್ಳುತ್ತಿದ್ದ ಇಂದಿನ ವಿಜಯಪುರ, ಕಲಬುರಗಿ ಜಿಲ್ಲೆಗಳೂ ರಾಯಚೂರು ಜಿಲ್ಲೆಯೂ ಈ ರೋಗದ ನೆಲೆಗಳಾಗಿದ್ದವು. ಆರೋಗ್ಯ ಕಾರ್ಯಕರ್ತರು ವರ್ಷಕ್ಕೆ ಹಲವು ಬಾರಿ ಹಳ್ಳಿಹಳ್ಳಿಗೆ ಹೋಗಿ ಹುಣ್ಣಿರುವವರನ್ನು ಹುಡುಕಿದರು. ಹುಳುವನ್ನು ಕ್ರಮವಾಗಿ ತೆಗೆದು ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗಿಳಿಯದಂತೆ ರೋಗಿಗೆ ತಿಳಿಯಹೇಳಿದರು. ನೀರಿನ ಮೂಲಗಳಿಗೆ ಕೀಟನಾಶಕವಾದ ಟೆಮೆಫಾಸನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರು. ಮೆಟ್ಟಿಲುಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿ ಪರಿವರ್ತಿಸಿದರು. ಕೊಳವೆ ಬಾವಿಗಳನ್ನು ಕೊರೆದು, ೧೯೭೦ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡಿದ್ದ ಇಂಡಿಯಾ ಮಾರ್ಕ್ ೨ ಎಂಬ ಕೈಪಂಪುಗಳನ್ನು ನೆಟ್ಟರು.

ಇವೆಲ್ಲ ಸರಕಾರ ಮಾಡಬಹುದಾದ ಕೆಲಸಗಳು. ನೀರು ಸೋಸುವ ಕೆಲಸ ಮಾತ್ರ ಮನೆಯಲ್ಲಿ ಪ್ರತಿದಿನವೂ ನಡೆಯಬೇಕು. ಅದನ್ನು ಮಾಡಬೇಕಾದವಳು ಗೃಹಿಣಿ. ಬಟ್ಟೆ ಒತ್ತಾಗಿರಬೇಕು, ಎರಡು ಪದರ ಮಡಿಸಬೇಕು, ಎಲ್ಲಿಯೂ ತೂತಿರಬಾರದು. ಯಾವಾಗಲೂ ಬಟ್ಟೆಯ ಒಂದೇ ಮಗ್ಗುಲು ಮೇಲಾಗಿರಬೇಕು. ತಿರುವಿ ಹಾಕಿದರೆ ನಿನ್ನೆ ಬಟ್ಟೆಗೆ ಅಂಟಿದ ಕೀಟ ಇಂದು ಕೊಡದೊಳಗೆ ಬೀಳುತ್ತದೆ. ಒಂದು ದಿನ ತಪ್ಪಿದರೂ ಆ ದಿನದ ನೀರು ಮರುವರ್ಷ ಲೆಕ್ಕ ಕೇಳುತ್ತದೆ. ಇಷ್ಟು ಎಚ್ಚರವನ್ನು ಆಜ್ಞೆಯಿಂದ ತರಲು ಸಾಧ್ಯವಿಲ್ಲ. ರಾಜಸ್ಥಾನದ ಬಾಂಸವಾಡಾ, ಡೂಂಗರಪುರ, ಉದಯಪುರ ಜಿಲ್ಲೆಗಳಲ್ಲಿ ಯುನಿಸೆಫಿನ ನೆರವಿನಿಂದ ೧೯೮೦ರ ದಶಕದಲ್ಲಿ ನಡೆದ ಸ್ವಚ್ಛ್ ಎಂಬ ಯೋಜನೆ ಈ ಸಂಗತಿಯನ್ನು ಚೆನ್ನಾಗಿ ಮನಗಂಡಿದ್ದಿತು. ಅಲ್ಲಿ ಹಳ್ಳಿಯ ಹೆಂಗಸರೇ ಹಳ್ಳಿಯ ಹೆಂಗಸರಿಗೆ ತಿಳಿಯಹೇಳಿದರು. ಕೈಪಂಪು ದುರಸ್ತಿಯ ಕೆಲಸವನ್ನೂ ಹೆಂಗಸರು ಕಲಿತರು. ನೀರಿನ ಭಾರವನ್ನು ಹೊರುವವಳೇ ನೀರಿನ ಶುದ್ಧಿಗೆ ಒಡತಿಯಾದಾಗ ಮಾತು ಮನೆಯೊಳಗೆ ತಾನಾಗಿ ಪ್ರವೇಶಿಸಿತು.

ನೀರನ್ನು ಸೋಸಿ ಕುಡಿಯುವ ಪದ್ಧತಿ ಭಾರತಕ್ಕೆ ಹೊಸದೂ ಆಗಿರಲಿಲ್ಲ. ಜೈನರಲ್ಲಿ ಅದು ಅಹಿಂಸಾವ್ರತದ ಅಂಗವಾಗಿ ಶತಮಾನಗಳಿಂದ ನಡೆದುಬಂದಿದೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ತನ್ನಿಂದ ಹಾನಿಯಾಗಬಾರದೆಂಬುದು ಅಲ್ಲಿಯ ಉದ್ದೇಶ. ಅದೇ ಬಟ್ಟೆ ಆ ಜೀವಿಗಳಿಂದ ಮನುಷ್ಯನಿಗೆ ಆಗುವ ಹಾನಿಯನ್ನೂ ತಡೆಯುತ್ತಿದ್ದಿತೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಕಾರಣ ತಿಳಿಯದೆ ಪಾಲಿಸಿದ ಆಚಾರವೂ ಕೆಲವೊಮ್ಮೆ ಕಾಯುತ್ತದೆ. ಆದರೆ ಒಂದು ಮತದ ವ್ರತವಾಗಿ ಉಳಿದ ಆಚಾರ ಆ ಮತದವರ ಮನೆಗಳಿಗಷ್ಟೇ ಸೀಮಿತವಾಗುತ್ತದೆ. ಊರಿಗೆ ಊರೇ ಅದನ್ನು ಕೈಕೊಳ್ಳಬೇಕಾದರೆ ಎಲ್ಲರಿಗೂ ಒಪ್ಪಿಗೆಯಾಗುವ ಕಾರಣ ಬೇಕು. ಆ ಕಾರಣವನ್ನು ಕಣ್ಣಿಗೆ ಕಾಣಿಸಿಕೊಟ್ಟುದೇ ಕಾರ್ಯಕರ್ತರ ಜಾಣ್ಮೆ. ಊರಿನವರು ಕುಡಿಯುವ ನೀರನ್ನೇ ಗಾಜಿನ ಪಾತ್ರೆಯಲ್ಲಿ ತುಂಬಿ, ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಅದರಲ್ಲಿ ಜಿಗಿದಾಡುವ ಕೀಟಗಳನ್ನು ತೋರಿಸುತ್ತಿದ್ದರು. ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ತೋರಿಸುತ್ತಿದ್ದರು. ಇಂತಹ ಒಂದು ನೋಟ ಹತ್ತು ಉಪದೇಶಗಳಿಗಿಂತ ಹೆಚ್ಚಿನ ಕೆಲಸ ಮಾಡಿತು.

ಫಲವೂ ಹಂತಹಂತವಾಗಿ ಕಾಣಿಸಿಕೊಂಡಿತು. ೧೯೮೪ರಲ್ಲಿ ಸುಮಾರು ೪೦,೦೦೦ ಇದ್ದ ರೋಗಿಗಳ ಸಂಖ್ಯೆ ೧೯೯೦ರಲ್ಲಿ ೫,೦೦೦ಕ್ಕಿಂತ ಕೆಳಗಿಳಿಯಿತು. ೧೯೯೫ರಲ್ಲಿ ೬೦ ಮಂದಿ. ೧೯೯೬ರಲ್ಲಿ ೯ ಮಂದಿ. ದೇಶದ ಕಟ್ಟಕಡೆಯ ರೋಗಿ ೧೯೯೬ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. ಅಲ್ಲಿಗೆ ಹುಡುಕಾಟ ನಿಲ್ಲಲಿಲ್ಲ. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವನ್ನು ಸಾರಿ ಇನ್ನೂ ಮೂರು ವರ್ಷ ಹಳ್ಳಿಗಳನ್ನು ಶೋಧಿಸಲಾಯಿತು. ಎಲ್ಲಿಯೂ ರೋಗವಿಲ್ಲವೆಂಬುದು ದೃಢಪಟ್ಟ ಮೇಲೆ ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ನೆರೆಯ ಪಾಕಿಸ್ತಾನದಲ್ಲಿ ೧೯೯೩ರ ಅನಂತರ ರೋಗಿಗಳು ಕಂಡುಬಂದಿರಲಿಲ್ಲ. ಅದಕ್ಕೆ ೧೯೯೬ರಲ್ಲಿಯೇ ಪ್ರಮಾಣಪತ್ರ ದೊರೆತಿದ್ದಿತು.

ಆಫ್ರಿಕಾದ ಅನುಭವ ಇನ್ನೂ ಕಠಿನವಾದುದು. ನೈಜೀರಿಯಾದಲ್ಲಿ ೧೯೮೮-೮೯ರ ಮೊದಲ ಗಣತಿ ೬,೫೦,೦೦೦ಕ್ಕೂ ಹೆಚ್ಚು ರೋಗಿಗಳನ್ನು ತೋರಿಸಿತು. ಆ ದೇಶದ ಮಾಜಿ ಮುಖ್ಯಸ್ಥ ಜನರಲ್ ಯಾಕುಬು ಗೋವೋನ್ ಸ್ವತಃ ಹಳ್ಳಿಗಳಿಗೆ ಹೋಗಿ ಜನರನ್ನೂ ಮುಖಂಡರನ್ನೂ ಒಲಿಸಿದರು. ಅಲ್ಲಿಯ ಕೊನೆಯ ರೋಗಿ ಕಂಡುಬಂದುದು ೨೦೦೮ರಲ್ಲಿ. ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಸೂಡಾನಿನಲ್ಲಿ ಹಳ್ಳಿಗಳನ್ನು ತಲುಪುವುದೇ ದುಸ್ತರವಾಗಿದ್ದಿತು. ೧೯೯೫ರಲ್ಲಿ ಕಾರ್ಟರ್ ಅವರ ಸಂಧಾನದಿಂದ ಇತ್ತಂಡದವರೂ ಯುದ್ಧವನ್ನು ಕೆಲ ತಿಂಗಳು ನಿಲ್ಲಿಸಿ, ಸೋಸುವ ಬಟ್ಟೆಗಳನ್ನು ಹಂಚುವುದಕ್ಕೂ ಮಕ್ಕಳಿಗೆ ಲಸಿಕೆ ಹಾಕುವುದಕ್ಕೂ ಆಸ್ಪದ ಮಾಡಿಕೊಟ್ಟರು. ದನಗಳ ಹಿಂದೆ ದಿನವಿಡೀ ಅಲೆಯುವವರಿಗೆ ಮನೆಯ ಕೊಡದ ಬಟ್ಟೆಯಿಂದ ಉಪಯೋಗವಿಲ್ಲವೆಂಬುದು ಅಲ್ಲಿ ಅರಿವಿಗೆ ಬಂದಿತು. ಅಂಥವರಿಗಾಗಿ, ತುದಿಗೆ ನೈಲಾನ್ ಜಾಲರಿಯಿದ್ದು ಕೊರಳಿಗೆ ತೂಗುಹಾಕಿಕೊಳ್ಳಬಹುದಾದ ಸಣ್ಣ ಕೊಳವೆಗಳನ್ನು ಲಕ್ಷಗಟ್ಟಲೆ ಹಂಚಲಾಯಿತು. ಜನರಿಂದ ಹೊಸ ನಡೆಯನ್ನು ಬಯಸುವವರು ಆ ಜನರ ದಿನಚರಿಯನ್ನು ಮೊದಲು ತಿಳಿಯಬೇಕೆಂಬುದಕ್ಕೆ ಈ ಪುಟ್ಟ ಕೊಳವೆ ಉತ್ತಮ ಉದಾಹರಣೆ.

ಇದರಿಂದ ನಡೆಯೊಂದೇ ಸಾಕು, ನೀರಿನ ವ್ಯವಸ್ಥೆ ಬೇಡವೆಂದು ಯಾರಾದರೂ ತಿಳಿದರೆ ಅದು ತಪ್ಪಾಗುತ್ತದೆ. ಘಾನಾ ದೇಶದಲ್ಲಿ ರೋಗ ಬಹುಮಟ್ಟಿಗೆ ಇಳಿಮುಖವಾಗಿದ್ದಾಗ, ೨೦೦೬-೦೭ರಲ್ಲಿ ಉತ್ತರ ಭಾಗದ ಸವೆಲುಗು ಪಟ್ಟಣದಲ್ಲಿ ನಲ್ಲಿ ನೀರಿನ ಪೂರೈಕೆ ಕೆಟ್ಟಿತು. ಜನ ಮತ್ತೆ ಕೊಳದ ನೀರಿಗೆ ಮೊರೆಹೋದರು. ರೋಗ ಮತ್ತೆ ಭುಗಿಲೆದ್ದಿತು. ಮತ್ತೆ ಶ್ರಮಿಸಿ ೨೦೧೦ರಲ್ಲಿ ಅದನ್ನು ಕೊನೆಗಾಣಿಸಬೇಕಾಯಿತು. ಒಳ್ಳೆಯ ನಡೆಗೆ ಆಸರೆಯಾಗುವ ವ್ಯವಸ್ಥೆಯಿಲ್ಲದಿದ್ದರೆ ನಡೆಯೂ ಬಹುಕಾಲ ನಿಲ್ಲದು. ಬಾಯಾರಿದವನಿಗೆ ಕೊಳವೊಂದೇ ಗತಿಯಾಗಿರುವಾಗ ಅವನ ಅಜ್ಞಾನವನ್ನು ಹಳಿಯುವುದು ನ್ಯಾಯವಲ್ಲ. ಹಾಗೆಯೇ ಕೊಳವೆ ಬಾವಿ ಕೊರೆದಾಯಿತೆಂದು ಆಡಳಿತ ಕೈತೊಳೆದುಕೊಳ್ಳುವುದೂ ಸಲ್ಲದು. ಕೆಟ್ಟುನಿಂತ ಕೈಪಂಪಿನ ಪಕ್ಕದಲ್ಲಿ ಹಳೆಯ ಬಾವಿಯ ಮೆಟ್ಟಿಲು ಮತ್ತೆ ಸವೆಯತೊಡಗುತ್ತದೆ. ವ್ಯಕ್ತಿಯ ನಡೆ, ಸಮುದಾಯದ ನಡೆ, ಆಡಳಿತದ ನಡೆ ಈ ಮೂರೂ ಕೂಡಿದೆಡೆಯಲ್ಲಿ ಮಾತ್ರ ರೋಗ ಅಳಿದಿದೆಯೆಂಬುದನ್ನು ಈ ಚರಿತ್ರೆ ಮತ್ತೆ ಮತ್ತೆ ತೋರಿಸುತ್ತದೆ.

ಕಾರ್ಯ ಇನ್ನೂ ಪೂರ್ಣಗೊಂಡಿಲ್ಲ. ೧೯೮೬ರಲ್ಲಿ ೩೫ ಲಕ್ಷವಿದ್ದ ಸಂಖ್ಯೆ ೨೦೨೪ರಲ್ಲಿ ೧೫ಕ್ಕೆ ಇಳಿಯಿತು. ಆ ಹದಿನೈದು ಮಂದಿಯೂ ಚಾಡ್ ಮತ್ತು ದಕ್ಷಿಣ ಸೂಡಾನ್ ದೇಶಗಳವರು. ತನಗಿಂತ ಮೊದಲು ಕೊನೆಯ ನಾರುಹುಳು ಅಳಿಯಲೆಂದು ಹಾರೈಸಿದ್ದ ಕಾರ್ಟರ್ ಅವರು ಆ ವರ್ಷದ ಡಿಸೆಂಬರ್ ೨೯ರಂದು ತೀರಿಕೊಂಡರು; ಹುಳು ಇನ್ನೂ ಉಳಿದಿದ್ದಿತು. ಹತ್ತು ವರ್ಷಗಳ ಕಾಲ ರೋಗವಿಲ್ಲವೆಂದು ತಿಳಿದಿದ್ದ ಚಾಡಿನಲ್ಲಿ ೨೦೧೦ರಲ್ಲಿ ಅದು ಮತ್ತೆ ತಲೆದೋರಿತು. ೨೦೧೨ರಿಂದ ಅಲ್ಲಿಯ ನಾಯಿಗಳಲ್ಲಿಯೂ ಹುಳು ಕಾಣಿಸತೊಡಗಿತು. ಇತ್ತೀಚಿನ ವರ್ಷಗಳಲ್ಲಿ ಸೋಂಕಿದ ಪ್ರಾಣಿಗಳ ಸಂಖ್ಯೆ ಮನುಷ್ಯರ ಸಂಖ್ಯೆಗಿಂತ ಹಲವು ಪಟ್ಟು ಹೆಚ್ಚಾಗಿದೆ. ಚಿತ್ರದುರ್ಗದ ಅಧ್ಯಯನಕಾರರು ಪ್ರಯೋಗದಲ್ಲಿ ಕಂಡುದು ಚಾರಿ ನದಿಯ ದಂಡೆಯಲ್ಲಿ ನಿಸರ್ಗದಲ್ಲಿಯೇ ನಡೆಯುತ್ತಿದೆ. ಆದುದರಿಂದ ಅಲ್ಲಿಯ ಜನ ಈಗ ಮತ್ತಷ್ಟು ಹೊಸ ನಡೆಗಳನ್ನು ಕಲಿಯುತ್ತಿದ್ದಾರೆ. ಮೀನಿನ ಕರುಳನ್ನು ನಾಯಿಗಳಿಗೆ ಎಸೆಯದೆ ಹೂಳುವುದು, ಮೀನನ್ನು ಚೆನ್ನಾಗಿ ಬೇಯಿಸುವುದು, ಹುಳು ಕಂಡ ನಾಯಿಯನ್ನು ಕಟ್ಟಿಹಾಕಿ ನೀರಿಗಿಳಿಯದಂತೆ ನೋಡಿಕೊಳ್ಳುವುದು. ತನ್ನ ಪಾದವನ್ನು ತಡೆಹಿಡಿದ ಮನುಷ್ಯ ಈಗ ತನ್ನ ನಾಯಿಯ ಪಾದಕ್ಕೂ ಹೊಣೆಗಾರನಾಗಿದ್ದಾನೆ.

ಮಹಾರೋಗಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಮದ್ದು ಕಂಡುಹಿಡಿದವರ ಹೆಸರುಗಳು ಉಳಿಯುತ್ತವೆ. ನಾರುಹುಣ್ಣಿನ ಚರಿತ್ರೆಯಲ್ಲಿ ಅಂತಹ ಮದ್ದಿಲ್ಲವಾದುದರಿಂದ ಅಂತಹ ಹೆಸರೂ ಇಲ್ಲ. ಅದನ್ನು ಕೊನೆಗಾಣಿಸಿದವರು ಸಾವಿರಾರು ಹಳ್ಳಿಗಳಲ್ಲಿ ದಿನಬೆಳಗಾದರೆ ಕೊಡದ ಬಾಯಿಗೆ ಬಟ್ಟೆ ಕಟ್ಟಿದ ಹೆಂಗಸರು, ಉರಿಯುವ ಕಾಲನ್ನು ಬಾವಿಯ ಕಟ್ಟೆಯಿಂದ ಈಚೆಗೇ ನಿಲ್ಲಿಸಿಕೊಂಡ ಒಕ್ಕಲಿಗರು, ಒಂದೇ ಹಳ್ಳಿಗೆ ಮತ್ತೆ ಮತ್ತೆ ನಡೆದುಹೋದ ಆರೋಗ್ಯ ಕಾರ್ಯಕರ್ತರು. ಅವರ ಹೆಸರುಗಳು ಎಲ್ಲಿಯೂ ದಾಖಲಾಗಿಲ್ಲ. ಕಲಬುರಗಿ, ರಾಯಚೂರು ಸೀಮೆಯ ಇಂದಿನ ಮಕ್ಕಳಿಗೆ ನಾರುಹುಣ್ಣೆಂದರೆ ಏನೆಂಬುದೇ ತಿಳಿಯದು. ಅಜ್ಜಂದಿರ ಕಾಲಿನ ಹಳೆಯ ಕಲೆಗಳನ್ನು ತೋರಿಸಿ ಅದರ ಕಾರಣವನ್ನು ಮಕ್ಕಳಿಗೆ ತಿಳಿಸುವುದು ಹಿರಿಯರ ಕರ್ತವ್ಯ. ಕುಡಿಯುವ ನೀರು ಎಲ್ಲರದೂ ಆಗಿರುವ ತನಕ ಒಬ್ಬನ ನಡೆ ಅವನೊಬ್ಬನದೇ ಆಗಲಾರದೆಂಬ ಮಾತು ಆ ಕಲೆಗಳಿಂದ ಅವರಿಗೆ ಮನದಟ್ಟಾಗುತ್ತದೆ.